ನಂಬಿಕೆ ಬೇರೂರುವ ಬಗೆ: ಮುಳಗುಂದದ ನಯಸೇನನ ಮನೋವಿಚಾರ

ನಯಸೇನ ಮುಳಗುಂದದಲ್ಲಿದ್ದು ‘ಧರ್ಮಾಮೃತ’ವನ್ನು ರಚಿಸಿದ್ದು ಸುಮಾರು 1112ರಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ. ಊರು ಆಗಲೇ ಹಳೆಯ ಜೈನಕೇಂದ್ರ. ಮಲ್ಲಿಷೇಣ ತನ್ನ ಸಂಸ್ಕೃತ ‘ಮಹಾಪುರಾಣ’ವನ್ನು 1047ರಲ್ಲಿ ಮುಗಿಸಿದ್ದೂ ಇಲ್ಲಿಯೇ. ಧರ್ಮಾಮೃತದ 14 ಆಶ್ವಾಸಗಳಲ್ಲಿ ಮೊದಲನೆಯದು ಸಮ್ಯಗ್ದರ್ಶನಕ್ಕೆ (ಸರಿಯಾದ ನಂಬಿಕೆಗೆ), ಮುಂದಿನ ಎಂಟು ಅದರ ಅಷ್ಟಾಂಗಗಳಿಗೆ, ಕೊನೆಯ ಐದು ವ್ರತಗಳಿಗೆ ಮೀಸಲು. ಅಂದರೆ ಒಂಬತ್ತು ಆಶ್ವಾಸಗಳು ನಂಬಿಕೆಯನ್ನು ಕುರಿತವು. ತಿಳಿಗನ್ನಡದ ಪಕ್ಷಪಾತಿ, ಗಾದೆ-ಉಪಮೆಗಳನ್ನು ಸಾಲುಗಟ್ಟಿ ಪೋಣಿಸುವ ಕಥೆಗಾರ ಎಂದೇ ನಯಸೇನನ ಹೆಸರು ನಿಂತಿದೆ. ಮನಸ್ಸು ಹೇಗೆ ನಂಬುತ್ತದೆ, ಹೇಗೆ ತಿರುಗುತ್ತದೆ ಎಂಬ ಪ್ರಶ್ನೆಗೆ ಅವನ ಕಥೆಗಳು ಕೊಡುವ ಉತ್ತರವೇನು ಎಂಬುದು ಈ ಲೇಖನದ ವಿಷಯ.

ಮೊದಲ ಆಶ್ವಾಸದ ವಸುಭೂತಿ ಬಡ ಬ್ರಾಹ್ಮಣ. ದಯಾಮಿತ್ರಸೆಟ್ಟಿ ತೋರಿಸಿದ ಹಣದಾಸೆಗೆ ಬಿದ್ದು ಜೈನಮುನಿಯ ವೇಷ ತೊಡುತ್ತಾನೆ. ನಂಬಿಕೆ ಎಳ್ಳಷ್ಟೂ ಇಲ್ಲ. ಇರುವುದು ಬರಲಿರುವ ದುಡ್ಡಿನ ಲೆಕ್ಕ ಮಾತ್ರ. ನಯಸೇನನ ಹಾಸ್ಯ ಇಲ್ಲಿ ಧಾರಾಳವಾಗಿದೆ, ಕೆಲವೆಡೆ ಪರಮತದ ಬಗ್ಗೆ ಕುಹಕವೂ ಆಗಿದೆ. ಆದರೂ ವೇಷ ಕ್ರಮೇಣ ವೇಷವಾಗಿ ಉಳಿಯುವುದಿಲ್ಲ. ಕೂಲಿಗೆ ಮುನಿಯಾದವನು ಕೊನೆಗೆ ನಿಜಮುನಿಯಾಗಿಯೇ ಸಾಯುತ್ತಾನೆ.

ನಡೆ ಮೊದಲು, ನಂಬಿಕೆ ಆಮೇಲೆ ಎಂಬ ಈ ಕ್ರಮವನ್ನು ಮನೋವಿಜ್ಞಾನಿಗಳಾದ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಯೋಗಕ್ಕೆ ಒಡ್ಡಿದರು. ಬೇಸರದ ಕೆಲಸವೊಂದನ್ನು ಮಾಡಿಸಿ, ಅದು ಸೊಗಸಾಗಿತ್ತೆಂದು ಮುಂದಿನವರಿಗೆ ಸುಳ್ಳು ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಕೆಲಸ ನಿಜವಾಗಿಯೂ ಚೆನ್ನಾಗಿತ್ತು ಎನ್ನುವ ಕಡೆಗೆ ಹೆಚ್ಚು ವಾಲಿದವರು ಒಂದೇ ಡಾಲರ್ ಪಡೆದವರು. ದೊಡ್ಡ ಮೊತ್ತ ಪಡೆದವರಿಗೆ ಸುಳ್ಳಿಗೊಂದು ನೆಪವಿತ್ತು; ಮನಸ್ಸು ಬದಲಾಯಿಸಿಕೊಳ್ಳುವ ಒತ್ತಡ ಅವರಿಗಿರಲಿಲ್ಲ. ಹಾಗೆ ನೋಡಿದರೆ ಹಣಕ್ಕೇ ಬಂದ ವಸುಭೂತಿ ಬದಲಾಗಬಾರದಿತ್ತು. ಹಾಗಾದರೆ ಅವನನ್ನು ತಿರುಗಿಸಿದ್ದೇನು? ದಿನದಿನದ ಆಚರಣೆ, ಸುತ್ತಲಿನವರ ಗೌರವ, ಕಿವಿಗೆ ಬಿದ್ದ ಉಪದೇಶ ಎನ್ನಬಹುದು.

ಈ ಉತ್ತರ ಸಾಲದು ಎನ್ನುವುದಕ್ಕೆ ಆರನೆಯ ಅಂಗವಾದ ಸ್ಥಿತಿಕರಣದ (ಜಾರುವವರನ್ನು ಮತ್ತೆ ನೆಲೆಗೊಳಿಸುವುದರ) ಕಥೆಯೇ ಸಾಕ್ಷಿ. ರಾಜಕುಮಾರ ವಾರಿಷೇಣ ಮುನಿಯಾದ. ಅವನ ದಾಕ್ಷಿಣ್ಯಕ್ಕೆ ಗೆಳೆಯನೂ ದೀಕ್ಷೆ ಹಿಡಿದ. ಜೈನ ಪರಂಪರೆ ಈ ಗೆಳೆಯನನ್ನು ಪುಷ್ಪಡಾಲನೆಂದು ಕರೆಯುತ್ತದೆ. 12 ವರ್ಷ ವ್ರತ, ಸಂಘ, ಉಪದೇಶ ಎಲ್ಲವೂ ಇದ್ದವು. ಮನಸ್ಸು ಮಾತ್ರ ಮನೆಯಲ್ಲಿ ಬಿಟ್ಟುಬಂದ ಒಕ್ಕಣ್ಣಿನ ಹೆಂಡತಿಯ ಬಳಿಯೇ ಇತ್ತು. ವಾರಿಷೇಣ ಅವನೊಡನೆ ವಾದಕ್ಕಿಳಿಯಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ಸಿಂಗರಿಸಿಕೊಂಡು ಬಂದ ತನ್ನ ರಾಣಿಯರನ್ನು ತೋರಿಸಿ, ಇವರನ್ನೂ ಈ ಸಿರಿಯನ್ನೂ ನೀನೇ ಇಟ್ಟುಕೋ ಎಂದ. ಪುಷ್ಪಡಾಲ ನಾಚಿದ. ಉಪದೇಶ 12 ವರ್ಷದಲ್ಲಿ ಮಾಡದ್ದನ್ನು ಗೆಳೆಯ ಬಿಟ್ಟುಬಂದದ್ದರ ಎದುರು ತನ್ನ ಆಸೆಯನ್ನು ಇಟ್ಟು ನೋಡಿದ ಆ ಗಳಿಗೆ ಮಾಡಿತು. ಹೆಂಡತಿಯರನ್ನು ಸೊತ್ತಿನಂತೆ ಮುಂದಿಡುವ ಈ ಉಪಾಯ ಇಂದಿನ ಓದುಗರನ್ನು ಕಸಿವಿಸಿಗೊಳಿಸುತ್ತದೆ, ಕಸಿವಿಸಿ ಸರಿಯಾದದ್ದೇ.

ಮೊದಲ ಅಂಗವಾದ ನಿಃಶಂಕೆಯ (ಸಂಶಯವಿಲ್ಲದಿರುವಿಕೆಯ) ಕಥೆ ಇನ್ನೂ ಸೂಕ್ಷ್ಮ. ನೆಟ್ಟ ಆಯುಧಗಳ ಮೇಲೆ ತೂಗುವ ಜೋಲಿ. ಮಂತ್ರ ಹೇಳುತ್ತ ಅದರ ಹಗ್ಗಗಳನ್ನು ಕೊಯ್ದರೆ ಆಕಾಶಗಾಮಿನೀ ವಿದ್ಯೆ ಒಲಿಯುತ್ತದೆ. ಸೆಟ್ಟಿಯೊಬ್ಬನಿಂದ ಮಂತ್ರ ಪಡೆದ ಭಕ್ತ, ಆ ಸೆಟ್ಟಿಯ ಮಾತು ಸುಳ್ಳಾದರೆ ಗತಿಯೇನೆಂದು ಹತ್ತುತ್ತಾನೆ, ಇಳಿಯುತ್ತಾನೆ. ಕಳ್ಳ ಲಲಿತಾಂಗ ಸೆಟ್ಟಿ ಸುಳ್ಳಾಡುವವನಲ್ಲವೆಂದು ನಂಬಿ ಹಗ್ಗಗಳನ್ನು ಒಮ್ಮೆಲೇ ಕೊಯ್ದುಬಿಡುತ್ತಾನೆ. ಅವನು ನಂಬಿದ್ದು ಮಂತ್ರವನ್ನಲ್ಲ, ಹೇಳಿದವನನ್ನು. ಆದರೆ ಹತ್ತಿಳಿದವನ ಲೆಕ್ಕಾಚಾರ ಮೂರ್ಖತನವೇನಲ್ಲ. ಕಥೆ ಅವನನ್ನು ಸೋಲಿಸುತ್ತದೆ, ಅವನ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.

ಮೂರು ಕಥೆಗಳಲ್ಲೂ ಸಮಾನವಾದದ್ದು ತರ್ಕವಲ್ಲ. ಮೂರರಲ್ಲೂ ಇರುವುದು ಇನ್ನೊಬ್ಬ ವ್ಯಕ್ತಿ: ಸೆಟ್ಟಿ, ಗೆಳೆಯ, ಮತ್ತೆ ಸೆಟ್ಟಿ. ನಯಸೇನನ ಪ್ರಕಾರ ಮನಸ್ಸು ತಾನಾಗಿ ತಿರುಗುವುದು ಅಪರೂಪ, ನಂಬಲರ್ಹನಾದ ಇನ್ನೊಬ್ಬನ ಆಸರೆ ಬೇಕು. ಈ ಮನೋವಿಚಾರದ ಮಿತಿಯೂ ಸ್ಪಷ್ಟ: ಜಿನಧರ್ಮದ ಕಡೆಗೆ ತಿರುಗಿದರೆ ಅದು ಏಳಿಗೆ, ಅದರಿಂದ ದೂರ ಸರಿದರೆ ಪತನ. ಆದ್ದರಿಂದ ಧರ್ಮಾಮೃತವನ್ನು ಮನಸ್ಸಿನ ಸಾಮಾನ್ಯ ಸಿದ್ಧಾಂತವೆಂದು ಎತ್ತಿಹಿಡಿಯಲಾಗದು. ಹನ್ನೆರಡನೆಯ ಶತಮಾನದ ಮತಾಂತರದ ಮನಸ್ಸನ್ನು ಒಂದು ಪಕ್ಷದ ಕಣ್ಣಿನಿಂದ ಕಂಡ ದಾಖಲೆಯೆಂದು ಓದುವುದೇ ನ್ಯಾಯ.