ಕೆಂಪು ಅಂಕಿಗಳ ಜೀರ್ಣೋದ್ಧಾರ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿಗಟ್ಟು ಪರಿಚಿತವಾದುದು. ದೇಗುಲಕ್ಕೆ ಭೂಮಿಯನ್ನೋ ಸುಂಕವನ್ನೋ ಬಿಟ್ಟುಕೊಡುವ ದಾನಿ, ಅದು ನಿತ್ಯಪೂಜೆಗೆ ಮಾತ್ರವಲ್ಲದೆ ಒಡೆದದ್ದನ್ನೂ ಬಿರುಕುಬಿಟ್ಟದ್ದನ್ನೂ ಸರಿಪಡಿಸುವುದಕ್ಕೂ ಸಲ್ಲತಕ್ಕದ್ದೆಂದು ಬರೆಯಿಸುತ್ತಿದ್ದ. ಕಟ್ಟುವುದರಷ್ಟೇ ಕಾಪಾಡುವುದೂ ಪುಣ್ಯದ ಕೆಲಸವೆಂಬ ತಿಳಿವಳಿಕೆ ಆ ಮಾತಿನ ಹಿಂದೆ ಇತ್ತು. ಈ ಹಳೆಯ ಮಾತನ್ನು ತೀರ ಹೊಸದಾದ, ದೂರದೇಶದ ಒಂದು ವಸ್ತುವಿಗೆ ಅನ್ವಯಿಸಿ ನೋಡಬಹುದೆ? 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ, ಆ ದಶಕ ಮುಗಿಯುವುದರೊಳಗೇ ಮೂಲೆ ಸೇರಿದ ಕೆಂಪು ಅಂಕಿಗಳ ಎಲ್‌ಇಡಿ ಕೈಗಡಿಯಾರವೇ ಆ ವಸ್ತು. ಇಂದು ಅದನ್ನು ಮನೆಯ ಮೇಜಿನ ಮೇಲೆ ಬಿಚ್ಚಿ, ಬೇರೆ ಭಾಗಗಳನ್ನು ಕೂಡಿಸಿ, ಮತ್ತೆ ಬೆಳಗಿಸುವ ಹವ್ಯಾಸಿಗಳು ಹಲವು ದೇಶಗಳಲ್ಲಿ ಇದ್ದಾರೆ.

ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಊರಿನಲ್ಲಿ 1892ರಲ್ಲಿ ಹ್ಯಾಮಿಲ್ಟನ್ ವಾಚ್ ಕಂಪನಿ ಸ್ಥಾಪನೆಯಾಯಿತು. ಅಮೆರಿಕದ ರೈಲ್ವೆ ನೌಕರರು ನಂಬಿ ನಡೆದ ಜೇಬುಗಡಿಯಾರಗಳಿಂದ ಅದಕ್ಕೆ ಹೆಸರು ಬಂದಿತು. ಅದೇ ಕಂಪನಿ, ಟೆಕ್ಸಾಸಿನ ಎಲೆಕ್ಟ್ರೊ-ಡೇಟಾ ಎಂಬ ಸಂಸ್ಥೆಯೊಡನೆ ಸೇರಿ, ಮುಳ್ಳುಗಳೇ ಇಲ್ಲದ ಒಂದು ಗಡಿಯಾರವನ್ನು 1970ರ ಮೇ ತಿಂಗಳಲ್ಲಿ ಜಗತ್ತಿಗೆ ತೋರಿಸಿತು. ಅದರ ಹೆಸರು ಪಲ್ಸಾರ್. 1967ರಲ್ಲಿ ಪತ್ತೆಯಾಗಿದ್ದ, ನಿಯತವಾಗಿ ಮಿಡಿಯುವ ನಕ್ಷತ್ರಗಳ ಹೆಸರೇ ಅದು. 1972ರ ಏಪ್ರಿಲಿನಲ್ಲಿ ಚಿನ್ನದ ಕವಚದೊಡನೆ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 2,100 ಡಾಲರ್. ಮರುವರ್ಷ ಬಂದ ಎರಡನೆಯ ಮಾದರಿಯನ್ನು ‘ಲಿವ್ ಅಂಡ್ ಲೆಟ್ ಡೈ’ ಚಿತ್ರದಲ್ಲಿ ಜೇಮ್ಸ್ ಬಾಂಡನ ಪಾತ್ರಧಾರಿ ರೋಜರ್ ಮೂರ್ ಕೈಗೆ ಕಟ್ಟಿದ್ದುದನ್ನು ಅನೇಕರು ನೋಡಿರಬಹುದು.

ಅದರೊಳಗಿನ ವ್ಯವಸ್ಥೆ ಸೊಗಸಾದುದು. ಒಂದು ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಅರ್ಧ, ಅರ್ಧದ ಅರ್ಧ ಎಂದು ಹದಿನೈದು ಸಲ ಭಾಗಿಸಿದರೆ ಉಳಿಯುವುದು ಒಂದೇ ಮಿಡಿತ. ಅದೇ ಒಂದು ಸೆಕೆಂಡು. ಅಲ್ಲಿ ಸ್ಪ್ರಿಂಗ್ ಇಲ್ಲ, ಹಲ್ಲುಚಕ್ರವಿಲ್ಲ. ಸಮಯ ಬೇಕಾದಾಗ ಗುಂಡಿಯನ್ನೊತ್ತಿದರೆ ಕತ್ತಲೆಯ ಗಾಜಿನ ಹಿಂದಿನಿಂದ ಗಂಟೆ ನಿಮಿಷಗಳು ಕೆಂಪಗೆ ಮೂಡಿ ಒಂದು ಗಳಿಗೆ ನಿಂತು ಮರೆಯಾಗುತ್ತವೆ. ಒತ್ತಿಹಿಡಿದರೆ ಸೆಕೆಂಡುಗಳು ಓಡುತ್ತವೆ. ಗಂಟೆ ನಿಮಿಷಗಳನ್ನು ತಿದ್ದಲು ತಿರುಪು ಕೂಡ ಇರಲಿಲ್ಲ. ಪಟ್ಟಿಯ ಕೊಂಡಿಯಲ್ಲಿ ಅಡಗಿಸಿಟ್ಟ ಪುಟ್ಟ ಅಯಸ್ಕಾಂತವೊಂದನ್ನು ಗಡಿಯಾರದ ಬೆನ್ನಿಗೆ ಹಿಡಿದರೆ ಸಾಕಾಗಿತ್ತು.

ಆದರೆ ಆ ಬೆಳಕೇ ಅದಕ್ಕೆ ಮುಳುವಾಯಿತು. ಕೆಂಪು ಅಂಕಿಗಳು ವಿದ್ಯುತ್ತನ್ನು ಎಷ್ಟು ನುಂಗುತ್ತಿದ್ದುವೆಂದರೆ, ಅವನ್ನು ಸದಾ ಉರಿಯಗೊಟ್ಟರೆ ಸಣ್ಣ ಸೆಲ್ಲುಗಳು ಬಹುಬೇಗ ಬತ್ತಿಹೋಗುತ್ತಿದ್ದುವು. ಆದ್ದರಿಂದಲೇ ಗುಂಡಿಯ ಏರ್ಪಾಡು. ಗಂಟೆ ನೋಡಲು ಎರಡು ಕೈ ಬೇಕಾಯಿತು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಂಥದೇ ಗಡಿಯಾರವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ 20 ಡಾಲರಿಗೆ ಮಾರತೊಡಗಿತು. ಮರುವರ್ಷ ಬೆಲೆ ಅದರ ಅರ್ಧಕ್ಕಿಳಿಯಿತು. ಅಷ್ಟರಲ್ಲಿ, ಗುಂಡಿಯೊತ್ತದೆಯೇ ಸದಾ ಸಮಯ ತೋರಿಸುವ ದ್ರವಸ್ಫಟಿಕದ ಗಡಿಯಾರಗಳು ಬಂದುವು. ಪಲ್ಸಾರ್ ಎಂಬ ಹೆಸರು ಕೊನೆಗೆ ಜಪಾನಿನ ಸೀಕೋ ಕಂಪನಿಯ ಪಾಲಾಯಿತು.

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದುಂಟು. ಅದೇ ಹ್ಯಾಮಿಲ್ಟನ್ ಕಂಪನಿಯ ಹಳೆಯ ರೈಲ್ವೆ ಗಡಿಯಾರ ಇಂದಿಗೂ ದುರಸ್ತಿಗೆ ಒಗ್ಗುತ್ತದೆ. ಸವೆದ ಚಕ್ರವನ್ನು ತೆಗೆದು ಬೇರೊಂದನ್ನು ಕೂರಿಸಬಹುದು. ನುರಿತ ಕುಶಲಿಯಾದರೆ ಹೊಸದನ್ನೇ ಕಡೆದು ಕೂರಿಸಿಯಾನು. ಚಲಿಸುವ ಭಾಗವಿಲ್ಲ, ಆದ್ದರಿಂದ ಸವೆಯುವ ಭಯವಿಲ್ಲ ಎಂಬ ಹೆಮ್ಮೆಯಲ್ಲಿ ಹುಟ್ಟಿದ ಗಡಿಯಾರಕ್ಕೆ ಈ ಭಾಗ್ಯವಿಲ್ಲ. ಅದರ ಯಂತ್ರವೆಂದರೆ ಒಂದೇ ಅಡಕವಾದ ಗಟ್ಟಿ; ಅದನ್ನು ಮಾಡ್ಯೂಲ್ ಎನ್ನುತ್ತಾರೆ. ಅದರ ಚಿಪ್ಪಿನೊಳಗೆ ಕೆಟ್ಟದ್ದನ್ನು ಭೂತಗನ್ನಡಿಯಿಟ್ಟು ಸರಿಪಡಿಸಲಾಗದು. ಕೂದಲಿಗಿಂತ ಸಣ್ಣ ತಂತಿಯೊಂದು ಕಡಿದರೆ ಅಂಕಿಯ ಒಂದು ಗೀಟು ಆರಿಹೋಗಿ, ಎಂಟು ಆರಾಗಿಯೋ ಒಂಬತ್ತಾಗಿಯೋ ಕಾಣುತ್ತದೆ. ಗಡಿಯಾರ ನಡೆಯುತ್ತಲೇ ಸುಳ್ಳು ಹೇಳುತ್ತದೆ.

ಹಾಗಾದರೆ ಮನೆಯಲ್ಲಿ ಕುಳಿತ ಹವ್ಯಾಸಿ ಮಾಡುವುದೇನು? ಮೊದಲ ಕೆಲಸ ಶುಚಿಗೊಳಿಸುವುದು. ವರ್ಷಗಟ್ಟಲೆ ಒಳಗೇ ಉಳಿದ ಸೆಲ್ಲು ಸೋರಿ, ಅದರ ಕ್ಷಾರ ಲೋಹದ ಸಂಪರ್ಕಗಳನ್ನು ತಿಂದಿರುತ್ತದೆ. ಹತ್ತಿಯ ತುದಿಗೆ ಒಂದಿಷ್ಟು ವಿನಿಗರ್ ತಾಗಿಸಿ ಒರೆಸಿ, ಬಳಿಕ ಸ್ಪಿರಿಟ್ಟಿನಿಂದ ತೊಳೆದು ಒಣಗಿಸಿ, ಹೊಸ ಸೆಲ್ಲಿಟ್ಟಾಗ ಎಷ್ಟೋ ಗಡಿಯಾರಗಳು ಅಷ್ಟರಿಂದಲೇ ಕಣ್ಣುಬಿಡುತ್ತವೆ. ಬಿಡದಿದ್ದರೆ, ಕವಚ ಜಜ್ಜಿಹೋದ ಮತ್ತೊಂದು ಗಡಿಯಾರವನ್ನು ಹುಡುಕಿ ಅದರ ಮಾಡ್ಯೂಲನ್ನು ಇದಕ್ಕೆ ತೊಡಿಸಬೇಕು. ಎರಡು ಸತ್ತ ಗಡಿಯಾರಗಳಿಂದ ಒಂದು ಬದುಕುತ್ತದೆ. ಅದೂ ಸಿಕ್ಕದಿದ್ದಾಗ ಉಳಿಯುವುದು ಹೊಸ ಕಾಲದ ಸಾಧನ. ಸಣ್ಣ ಮೈಕ್ರೊಕಂಟ್ರೋಲರ್, ಅದೇ 32,768 ಕಂಪನಗಳ ಹರಳು, ಕೆಂಪು ಅಂಕಿಗಳು, ಇಷ್ಟನ್ನೂ ಹಳೆಯ ಕವಚದ ಅಳತೆಗೆ ಸರಿಯಾಗಿ ಜೋಡಿಸಿದ ಹೊಸ ಮಾಡ್ಯೂಲುಗಳನ್ನು ಆಸಕ್ತರೇ ಮಾಡುತ್ತಿದ್ದಾರೆ. ಇಲ್ಲಿ ಕೈ ಎಚ್ಚರವಾಗಿರಬೇಕು. ಬೆರಳಿನಲ್ಲಿ ನಮಗರಿಯದೆ ಸೇರಿಕೊಂಡ ಸ್ಥಾಯೀ ವಿದ್ಯುತ್ತೇ ಚಿಪ್ಪನ್ನು ಕೊಲ್ಲಬಲ್ಲುದು.

ಆಗ ಏಳುವ ಪ್ರಶ್ನೆ ಹಳೆಯದು. ಕವಚ ಹಳತು, ಒಳಗಿನದೆಲ್ಲ ಹೊಸತು; ಇದು ಅದೇ ಗಡಿಯಾರವೆ? ಮಿಳಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ್ದು ಇದರ ಹತ್ತಿರದ ಪ್ರಶ್ನೆಯನ್ನೇ. ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ? ಯಾವುದೊಂದೂ ಅಲ್ಲವಾದರೆ ರಥವೆಲ್ಲಿ? ಪಲ್ಸಾರಿನ ಚರಿತ್ರೆ ಈ ತೊಡಕಿಗೆ ಇನ್ನೊಂದು ಗಂಟು ಹಾಕುತ್ತದೆ. 1972ರ ಚಿನ್ನದ ಗಡಿಯಾರಗಳ ಮೊದಲ ಯಂತ್ರಗಳು ಬಾಳಿಕೆ ಬರಲಿಲ್ಲ. ಅನೇಕ ಗಡಿಯಾರಗಳಿಗೆ ಕಂಪನಿಯೇ ಸುಧಾರಿಸಿದ ಹೊಸ ಮಾಡ್ಯೂಲನ್ನು ಹಾಕಿಕೊಟ್ಟಿತು. ‘ಮೂಲ’ವೆಂದು ಇಂದು ಕಾಪಾಡಿಕೊಂಡ ಗಡಿಯಾರವೂ ಹಲವೆಡೆ ತನ್ನ ಮೂಲವನ್ನು ಆಗಲೇ ಕಳೆದುಕೊಂಡಿದೆ.

ಎಂದ ಮೇಲೆ, ಬದಲಿ ಭಾಗ ಹಾಕಿದ್ದೇ ತಪ್ಪೆನ್ನುವಂತಿಲ್ಲ. ಹಾಕಿದ್ದನ್ನು ಮರೆಮಾಡುವುದು ತಪ್ಪು. ಜೀರ್ಣವಾದ ಮಂಟಪಕ್ಕೆ ಹೊಸ ಕಂಬ ಕೊಟ್ಟವನು, ಕೊಟ್ಟೆನೆಂದು ಕಲ್ಲಿನಲ್ಲಿ ಬರೆಯಿಸಿದ್ದರಿಂದಲೇ ಹಳೆಯ ಕಂಬ ಯಾವುದು, ಹೊಸದು ಯಾವುದು ಎಂದು ಇಂದು ನಾವು ಬೇರ್ಪಡಿಸಬಲ್ಲೆವು. ಬರೆಯಿಸದೆ ಹೋದ ಕಡೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಗಡಿಯಾರ ಸರಿಮಾಡಿದವನೂ ಒಂದು ಚಿಕ್ಕ ಶಾಸನ ಬರೆಯಬೇಕು: ಯಾವ ವರ್ಷ, ಯಾವ ಭಾಗ ತೆಗೆದೆ, ಯಾವುದನ್ನು ಹಾಕಿದೆ. ತೆಗೆದ ಮಾಡ್ಯೂಲನ್ನು ಎಸೆಯದೆ ಆ ಚೀಟಿಯೊಡನೆ ಪೆಟ್ಟಿಗೆಯಲ್ಲಿಡಬೇಕು. ಮಾರುವ ದಿನ ಬಂದರೆ ಕೊಳ್ಳುವವನ ಕೈಗೆ ಮೂರನ್ನೂ ಕೊಡಬೇಕು. ಚೀಟಿಯಿಲ್ಲದೆ ಹೊಸ ಯಂತ್ರವನ್ನು ಹಳೆಯದೆಂದು ಮಾರಿದವನು ಒಬ್ಬ ಗಿರಾಕಿಯನ್ನಷ್ಟೇ ಅಲ್ಲ, ಮುಂದೆ ಬರುವ ಚರಿತ್ರಕಾರನನ್ನೂ ವಂಚಿಸಿದಂತೆ.

ಹ್ಯಾಮಿಲ್ಟನ್ ಹೆಸರಿನ ಇಂದಿನ ಒಡೆಯರು 2020ರಲ್ಲಿ, ಐವತ್ತು ವರ್ಷದ ನೆನಪಿಗೆ, ಎರಡನೆಯ ಪಲ್ಸಾರಿನ ಆಕಾರದಲ್ಲೇ ಹೊಸ ಗಡಿಯಾರವೊಂದನ್ನು ತಂದರು. ಅದರಲ್ಲಿ ದ್ರವಸ್ಫಟಿಕವನ್ನೂ ಹೊಸ ಬಗೆಯ ಬೆಳಕನ್ನೂ ಬೆರೆಸಿದ್ದಾರೆ. ಅಂಕಿಗಳು ಸದಾ ಕಾಣುತ್ತವೆ. ಅದು ಹಳೆಯ ಶೈಲಿಯಲ್ಲಿ ಕಟ್ಟಿದ ಹೊಸ ಗುಡಿ, ತಪ್ಪೇನೂ ಇಲ್ಲ. ಆದರೆ ಜೀರ್ಣೋದ್ಧಾರವೆಂಬ ಮಾತು ಸಲ್ಲುವುದು, ಸೋರಿದ ಸೆಲ್ಲಿನ ಹಸಿರು ಕಿಲುಬನ್ನು ಒರೆಸಿ, ಒತ್ತಿದಾಗ ಮಾತ್ರ ಬೆಳಗುವ ಆ ಅಂಕಿಗಳನ್ನು ಮತ್ತೆ ಬೆಳಗಿಸಿ, ತಾನು ಮಾಡಿದ್ದಿಷ್ಟು ಎಂದು ಬರೆದಿಡುವವನಿಗೆ.