ಸಿಂಗಪುರದ ಒಂದು ದಿನ ಮತ್ತು 1822ರ ನಕ್ಷೆ

ಸಿಂಗಪುರದಲ್ಲಿ ಒಂದೇ ದಿನ ತಂಗುವವರ ಮುಂದೆ ಟ್ರಾವೆಲ್ ಏಜೆಂಟರು ಇಡುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಚೈನಾಟೌನ್, ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್, ನದಿಯ ಬದಿಯ ಹಳೆಯ ಸರ್ಕಾರಿ ಕಟ್ಟಡಗಳು, ಕತ್ತಲಾದ ಮೇಲೆ ಮರೀನಾ ಬೇ. ಬೆಳಿಗ್ಗೆ ಯಾವುದು, ಸಂಜೆಗೆ ಯಾವುದು, ಮಕ್ಕಳು ದಣಿದರೆ ಯಾವುದನ್ನು ಬಿಡುವುದು ಎಂಬುದೆಲ್ಲ ನಮ್ಮ ಇಷ್ಟ. ಆಯ್ಕೆ ಪೂರ್ತಿ ನಮ್ಮದೇ ಎನಿಸುತ್ತದೆ. ಆದರೆ ಆಯ್ಕೆಗೆ ಸಿಗುವ ಈ ಹೋಳುಗಳನ್ನು ಮಾಡಿದವರು ಯಾರು ಎಂದು ಹುಡುಕಿದರೆ 1822ಕ್ಕೆ ಹೋಗಿ ನಿಲ್ಲುತ್ತೇವೆ. ಆ ವರ್ಷದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಸಮಿತಿ, ಯಾವ ಜನ ಎಲ್ಲಿ ವಾಸಿಸಬೇಕು ಎಂದು ಊರನ್ನು ಭಾಗ ಮಾಡಿತು. ಆಗ ಎಳೆದ ಗೆರೆಗಳನ್ನು 1989ರಲ್ಲಿ ಸ್ವತಂತ್ರ ಸಿಂಗಪುರದ ಸರ್ಕಾರವೇ ಮತ್ತೊಮ್ಮೆ ತಿದ್ದಿ ದಪ್ಪ ಮಾಡಿತು. ಜನಾಂಗಕ್ಕೊಂದು ಬಡಾವಣೆ ಎಂಬ ಲೆಕ್ಕದಲ್ಲಿ ದಿನವನ್ನು ಹಂಚಿಕೊಂಡ ಪ್ರವಾಸಿ ನೋಡಿ ಬರುವುದು ಆಳುವವರ ನಕ್ಷೆಯನ್ನು. ಊರು ಆ ನಕ್ಷೆಯಂತೆ ಎಂದೂ ಬಾಳಲಿಲ್ಲ ಎಂಬುದಕ್ಕೆ ಸಾಕ್ಷಿ ಅದೇ ಬೀದಿಗಳಲ್ಲಿ ಇಂದಿಗೂ ನಿಂತಿದೆ. ಆದ್ದರಿಂದ ಒಂದು ದಿನವಷ್ಟೇ ಕೈಯಲ್ಲಿರುವವರು ಬಡಾವಣೆಗಳನ್ನು ಬಿಟ್ಟು ಬೀದಿಗಳನ್ನು ಹಿಡಿಯಬೇಕು ಎಂಬುದು ನನ್ನ ವಾದ.

ಇಲ್ಲಿ ಒಂದು ದಿನ ಇಳಿದು ಊರು ನೋಡುವ ರೂಢಿಗೇ ಒಂದು ಇತಿಹಾಸವಿದೆ, ಅದು ಶುರುವಾದದ್ದು ಕಲ್ಲಿದ್ದಲಿನಿಂದ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಚೀನಾದ ಕಡೆಗೆ ಹೋಗುವ ಉಗಿಹಡಗುಗಳು ಸಾಲುಸಾಲಾಗಿ ಸಿಂಗಪುರದಲ್ಲಿ ನಿಲ್ಲತೊಡಗಿದವು. ತಂಜೊಂಗ್ ಪಗಾರ್ ಹಡಗುಕಟ್ಟೆಯಲ್ಲಿ ಕೂಲಿಗಳು ಬುಟ್ಟಿಬುಟ್ಟಿಯಾಗಿ ಕಲ್ಲಿದ್ದಲು ಹೊತ್ತು ಹಡಗು ತುಂಬಿಸುವಷ್ಟು ಹೊತ್ತು, ಕರಿಧೂಳಿನಿಂದ ತಪ್ಪಿಸಿಕೊಳ್ಳಲು ಪ್ರಯಾಣಿಕರು ಇಳಿದು ಊರ ಕಡೆ ಹೊರಡುತ್ತಿದ್ದರು. ಮೊದಲು ಕುದುರೆಗಾಡಿ, 1880ರಿಂದ ಮನುಷ್ಯರು ಎಳೆಯುವ ರಿಕ್ಷಾ. 1859ರಲ್ಲಿ ಶುರುವಾದ ಸಸ್ಯೋದ್ಯಾನ, 1887ರಲ್ಲಿ ಹೊಸ ಕಟ್ಟಡ ಸೇರಿದ ವಸ್ತುಸಂಗ್ರಹಾಲಯ, ಅದೇ ವರ್ಷ ಬಾಗಿಲು ತೆರೆದ ರ‍್ಯಾಫಲ್ಸ್ ಹೋಟೆಲು ಇವರಿಗಾಗಿಯೇ ಕಾದಿದ್ದಂತಿದ್ದವು. 1892ರಲ್ಲಿ ಪಾದ್ರಿ ರೀತ್ ಬರೆದ ಕೈಪಿಡಿ ಇಂಥ ಓದುಗರ ಕೈಗೆ ಬಂತು. ಈಗ ಹಡಗಿನ ಜಾಗದಲ್ಲಿ ವಿಮಾನವಿದೆ. ಬೆಂಗಳೂರಿನಿಂದ ಆಸ್ಟ್ರೇಲಿಯಾಕ್ಕೆ ಮಕ್ಕಳನ್ನು ನೋಡಲು ಹೊರಟ ಎಷ್ಟೋ ಅಪ್ಪ ಅಮ್ಮಂದಿರು ಚಾಂಗಿಯಲ್ಲಿ ವಿಮಾನ ಬದಲಿಸುತ್ತಾರೆ. ಕೆಲವು ಗಂಟೆ ಬಿಡುವಿದ್ದವರನ್ನು ವಿಮಾನ ನಿಲ್ದಾಣದವರೇ ಪುಕ್ಕಟೆಯಾಗಿ ಬಸ್ಸಿನಲ್ಲಿ ಊರು ಸುತ್ತಿಸಿ ತರುತ್ತಾರೆ. ಅವಸರದವನಿಗೆ ಊರನ್ನು ತುಂಡು ಮಾಡಿ ಬಡಿಸುವ ಪದ್ಧತಿ ಹೀಗೆ ನೂರೈವತ್ತು ವರ್ಷಗಳಿಂದ ನಡೆದು ಬಂದಿದೆ.

ಆ ತುಂಡುಗಳ ಮೂಲಕ್ಕೆ ಬರೋಣ. 1819ರಲ್ಲಿ ಇಲ್ಲಿ ಕಂಪನಿಯ ಠಾಣ್ಯ ಹೂಡಿದ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್, 1822ರ ಅಕ್ಟೋಬರಿನಲ್ಲಿ ಮರಳಿ ಬಂದಾಗ ಊರು ತನಗೆ ಬೇಡವಾದ ರೀತಿಯಲ್ಲಿ ಬೆಳೆದಿರುವುದನ್ನು ಕಂಡ. ರೆಸಿಡೆಂಟ್ ಆಗಿದ್ದ ವಿಲಿಯಂ ಫರ್ಕುಹರ್ ಜನರನ್ನು ಅವರವರ ಅನುಕೂಲಕ್ಕೆ ಬಿಟ್ಟಿದ್ದ. ರ‍್ಯಾಫಲ್ಸ್ ಸಮಿತಿಯೊಂದನ್ನು ನೇಮಿಸಿ ಕಟ್ಟುನಿಟ್ಟಿನ ಸೂಚನೆ ಬರೆದುಕೊಟ್ಟ. ಲೆಫ್ಟಿನೆಂಟ್ ಫಿಲಿಪ್ ಜಾಕ್ಸನ್ ಅದನ್ನು ನಕ್ಷೆಗಿಳಿಸಿದ. ನದಿಯ ಪೂರ್ವ ದಡ ಸರ್ಕಾರಕ್ಕೆ, ಅದರಾಚೆ ಯುರೋಪಿಯನ್ನರಿಗೆ, ಇನ್ನೂ ಆಚೆ ಕಂಪೊಂಗ್ ಗ್ಲಾಮ್‌ನಲ್ಲಿ ಸುಲ್ತಾನ ಹುಸೇನ್ ಷಾನ ಪರಿವಾರಕ್ಕೆ, ಅರಬರಿಗೆ, ಬುಗಿಸ್ ನಾವಿಕರಿಗೆ. ನದಿಯ ಇನ್ನೊಂದು ದಡ ಚೀನೀಯರಿಗೆ, ಅದರ ಮೇಲ್ಭಾಗದಲ್ಲಿ ಕೋರಮಂಡಲ ಕರಾವಳಿಯಿಂದ ಬಂದ ಚೂಲಿಯರಿಗೆ. ಗುಡ್ಡವೊಂದನ್ನು ಅಗೆದು ಆ ಮಣ್ಣಿನಿಂದ ನದಿದಡದ ಜೌಗು ತುಂಬಿಸಿದ್ದೂ ಆಗಲೇ. ಇಂದು ಹೋಟೆಲು ಸಾಲಾಗಿರುವ ಬೋಟ್ ಕೀ ನಿಂತಿರುವುದು ಆ ಮಣ್ಣಿನ ಮೇಲೆ. ಮನೆಗಳ ಮುಂದೆ ಬೀದಿಯುದ್ದಕ್ಕೂ ಒಂದಕ್ಕೊಂದು ಸೇರಿದ, ಸೂರು ಇರುವ ಜಗಲಿಯನ್ನು ಎಲ್ಲರ ಓಡಾಟಕ್ಕೂ ತೆರೆದಿಡಬೇಕೆಂದು ರ‍್ಯಾಫಲ್ಸ್ ವಿಧಿಸಿದ. ಐದಡಿಯ ಆ ಜಗಲಿಗಳ ಕೆಳಗೆ ಇವತ್ತೂ ಜನ ಮಳೆಯಲ್ಲಿ ನೆನೆಯದೆ ನಡೆದುಹೋಗುತ್ತಾರೆ. ನಕ್ಷೆಯಲ್ಲಿ ಎಲ್ಲವೂ ಕೆಟ್ಟದ್ದಲ್ಲ, ಈ ಜಗಲಿಗಾಗಿ ಆತನನ್ನು ನೆನೆಯಲೇಬೇಕು.

ಆದರೆ ಜನ ಬರೆದಿಟ್ಟ ಜಾಗದಲ್ಲಿ ಉಳಿದರೇ? ಇಂದಿನ ಚೈನಾಟೌನ್‌ನ ನಡುಮಧ್ಯದ ಸೌತ್ ಬ್ರಿಡ್ಜ್ ರಸ್ತೆಗೆ ಬಂದರೆ ಉತ್ತರ ಕಾಣುತ್ತದೆ. ಅಲ್ಲಿ ಗೋಪುರ ಎತ್ತಿ ನಿಂತಿರುವುದು ಮಾರಿಯಮ್ಮನ ಗುಡಿ. 1819ರ ಮೇ ತಿಂಗಳಲ್ಲಿ ಪಿನಾಂಗಿನಿಂದ ರ‍್ಯಾಫಲ್ಸ್ ಜೊತೆಯಲ್ಲೇ ಬಂದ, ಈ ಗುಡಿ ಕಟ್ಟಿಸಿದ ನಾರಾಯಣ ಪಿಳ್ಳೈ ಇಟ್ಟಿಗೆ ಗೂಡು ಹಾಕಿ, ಬಟ್ಟೆ ವ್ಯಾಪಾರ ನಡೆಸಿ, ಊರಿನ ತಮಿಳರಿಗೆ ಹಿರಿಯನಾಗಿದ್ದವನು. ಗುಡಿಗೆಂದು ಮೊದಲು ತೆಲೊಕ್ ಆಯರ್‌ನಲ್ಲಿ ಸಿಕ್ಕ ಜಾಗದಲ್ಲಿ ಪೂಜೆಗೆ ಬೇಕಾದ ಸಿಹಿನೀರು ಇರಲಿಲ್ಲ. ಕೊನೆಗೆ 1823ರಲ್ಲಿ ಈ ಜಾಗ ದೊರೆಯಿತು. 1827ರ ಹೊತ್ತಿಗೆ ಮರ ಮತ್ತು ಗರಿಯ ಗುಡಿ ಎದ್ದಿತು, 1843ರಲ್ಲಿ ಇಟ್ಟಿಗೆಯದಾಯಿತು. ಹೊಸದಾಗಿ ಬಂದಿಳಿದವರಿಗೆ ನೆಲೆ ಸಿಗುವವರೆಗೆ ಗುಡಿಯೇ ಆಸರೆ, ಮದುವೆಗಳೂ ಅಲ್ಲೇ. ಅದರ ಪಕ್ಕದ ಎರಡು ಬೀದಿಗಳಿಗೆ ಪಗೋಡಾ ಸ್ಟ್ರೀಟ್, ಟೆಂಪಲ್ ಸ್ಟ್ರೀಟ್ ಎಂಬ ಹೆಸರು ಬಂದದ್ದು ಈ ಗುಡಿಯಿಂದ. ಇವತ್ತು ಕೆಂಪು ಲಾಂದ್ರಗಳ ಕೆಳಗೆ ಪ್ರವಾಸಿಗರು ನೂಕುನುಗ್ಗಲಿನಲ್ಲಿ ಚೀನೀ ಸಾಮಾನು ಕೊಳ್ಳುವ ಪಗೋಡಾ ಸ್ಟ್ರೀಟ್ ಹೀಗೆ ಮಾರಿಯಮ್ಮನ ಗೋಪುರದ ಹೆಸರು ಹೊತ್ತಿದೆ. ನಾಲ್ಕು ಹೆಜ್ಜೆ ಮುಂದಿನ ಮಾಸ್ಕ್ ಸ್ಟ್ರೀಟಿನ ಮೂಲೆಯಲ್ಲಿ ಜಾಮಿಯಾ ಮಸೀದಿ, 1826ರಲ್ಲಿ ಚೂಲಿಯರು ಆರಂಭಿಸಿದ್ದು. ಚೀನೀಯರಿಗೆಂದು ಮೀಸಲಾದ ನೆಲದ ಮುಖ್ಯ ರಸ್ತೆಯಲ್ಲಿ ಅತಿ ಹಳೆಯ ಎರಡು ಪೂಜಾಸ್ಥಳಗಳು ದಕ್ಷಿಣ ಭಾರತದವರವು.

ಅಲ್ಲಿಂದ ಹತ್ತು ನಿಮಿಷ ನಡೆದರೆ ತೆಲೊಕ್ ಆಯರ್ ಬೀದಿ. ಇಡೀ ಸಿಂಗಪುರದಲ್ಲಿ ಒಂದೇ ಬೀದಿ ನೋಡಲು ಹೊತ್ತಿದ್ದರೆ ನೋಡಬೇಕಾದ್ದು ಇದು. 1880ರ ದಶಕದಲ್ಲಿ ಮುಂದಿನ ಸಮುದ್ರವನ್ನು ಮಣ್ಣು ತುಂಬಿ ಹಿಂದೆ ಸರಿಸುವವರೆಗೆ ಇದೇ ಕಡಲತೀರ. ದೋಣಿಯಿಂದ ಇಳಿದವನು, ತಾನು ಬದುಕಿ ದಡ ಸೇರಿದ್ದಕ್ಕೆ, ಮೊದಲು ತನ್ನ ದೇವರಿಗೆ ಕೈಮುಗಿಯುತ್ತಿದ್ದ. ಹಾಗಾಗಿ ಬೀದಿಯ ಒಂದೇ ಮಗ್ಗುಲಿನಲ್ಲಿ, ಎಲ್ಲವೂ ಕಡಲಿಗೆ ಮುಖ ಮಾಡಿ, ಮೂರು ಕಟ್ಟಡಗಳಿವೆ. 1827ರ ಅಲ್ ಅಬ್ರಾರ್ ಮಸೀದಿ, ಗುಡಿಸಲಾಗಿ ಶುರುವಾದದ್ದಕ್ಕೆ ತಮಿಳರ ಬಾಯಲ್ಲಿ ಕುಚ್ಚುಪ್ಪಳ್ಳಿ. 1839ರಿಂದ 1842ರ ನಡುವೆ ಹೊಕ್ಕಿಯನ್ ಚೀನೀಯರು ಕಟ್ಟಿದ ತಿಯಾನ್ ಹೊಕ್ ಕೆಂಗ್, ನಾವಿಕರನ್ನು ಕಾಯುವ ತಾಯಿ ಮಾಜು ದೇವಿಯದು. ಮರದ ತೊಲೆಗಳನ್ನು ಮೊಳೆಯಿಲ್ಲದೆ ಜೋಡಿಸಿದ ಕೆಲಸ. ಇನ್ನೊಂದು 1828ರಿಂದ 1830ರ ನಡುವೆ ಎದ್ದ ನಾಗೂರು ದರ್ಗಾ, ತಮಿಳು ಕರಾವಳಿಯ ನಾಗೂರಿನ ಸಂತ ಷಾಹುಲ್ ಹಮೀದರ ನೆನಪಿಗೆ. ಕೆಳಗೆ ಗ್ರೀಕ್ ಮಾದರಿಯ ಕಂಬಗಳು, ಮೇಲೆ ತೂತುತೂತಾದ ಕಟಾಂಜನ, ಮೂಲೆಗಳಲ್ಲಿ ಪುಟ್ಟ ಮಿನಾರುಗಳು. ಮೂರನ್ನೂ ನೋಡಲು ಹತ್ತಾರು ಮನೆಗಳಷ್ಟು ದೂರ ನಡೆದರೆ ಸಾಕು. ಸಮಿತಿ ಬೇರೆಬೇರೆ ಮಾಡಿದ್ದ ಜನ ತೀರಕ್ಕೆ ಬಂದಾಗ ಅಕ್ಕಪಕ್ಕದಲ್ಲೇ ನಿಂತರು. ದೇವಿಯ ಎದುರು ಈಗ ಕಡಲಿಲ್ಲ, ಬ್ಯಾಂಕುಗಳ ಎತ್ತರದ ಗೋಪುರಗಳಿವೆ.

ಲಿಟಲ್ ಇಂಡಿಯಾವಂತೂ 1822ರ ನಕ್ಷೆಯಲ್ಲೇ ಇಲ್ಲ. ಭಾರತೀಯರ ವಹಿವಾಟು ಬಹುಕಾಲ ಇದ್ದದ್ದು ನದಿಯ ಹತ್ತಿರ. ಚೆಟ್ಟಿಯಾರರ ಲೇವಾದೇವಿ ಮಾರ್ಕೆಟ್ ಸ್ಟ್ರೀಟಿನಲ್ಲಿ. ಸೆರಂಗೂನ್ ರಸ್ತೆ ಬೆಳೆದದ್ದು ಇಟ್ಟಿಗೆ ಗೂಡುಗಳಿಂದ, ಕುದುರೆ ಪಂದ್ಯದ ಬಯಲಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ದನಗಳಿಂದ. ಹುಲ್ಲೂ ನೀರೂ ಇದ್ದ ಜಾಗಕ್ಕೆ ದನದ ವ್ಯಾಪಾರ ಬಂತು. ಅದರ ದೊಡ್ಡ ವ್ಯಾಪಾರಿ ಬೆಲಿಲಿಯೋಸ್ ಕಲ್ಕತ್ತೆಯಿಂದ ಬಂದ ಯಹೂದಿ. ದನ ಮೇಯಿಸಲು, ಹಾಲು ಕರೆಯಲು ತಮಿಳರೂ ಉತ್ತರ ಭಾರತದವರೂ ಬಂದರು. ಅಂಗಡಿ, ಗುಡಿ, ಊಟದ ಮನೆ ಆಮೇಲಿನವು. ಕೋಮಲ ವಿಲಾಸ ಶುರುವಾದದ್ದು 1947ರಲ್ಲಿ. ಹೀಗೆ ಒಂದು ಕಸುಬಿನ ಸುತ್ತ ತಾನಾಗಿ ಕೂಡಿಕೊಂಡ ಪೇಟೆಗೆ ಜನಾಂಗದ ಹೆಸರು ಅಂಟಿದ್ದು ಪ್ರವಾಸೋದ್ಯಮದ ಕಾಲದಲ್ಲಿ. ಸ್ಥಳೀಯರು ಈಗಲೂ ಮಾರುಕಟ್ಟೆಯ ಹೆಸರಿನಿಂದ ತೆಕ್ಕಾ ಎನ್ನುತ್ತಾರೆ.

1983ರಲ್ಲಿ ಸಿಂಗಪುರಕ್ಕೆ ಬರುವ ಪ್ರವಾಸಿಗರ ಸಂಖ್ಯೆ ಕುಸಿಯಿತು. ಮರುವರ್ಷ ಸರ್ಕಾರ ನೇಮಿಸಿದ ಕಾರ್ಯಪಡೆ, ಆಧುನಿಕ ನಗರ ಕಟ್ಟುವ ಭರದಲ್ಲಿ ಹಳೆಯ ಪೂರ್ವದೇಶದ ಸೊಗಡನ್ನೇ ಕಳೆದುಕೊಂಡಿದ್ದೇವೆ ಎಂದು ಹೇಳಿತು. ಆ ಹೊತ್ತಿಗೆ ಚೈನಾಟೌನ್‌ನ ಬೀದಿ ವ್ಯಾಪಾರಿಗಳನ್ನು ಬಹುಮಹಡಿ ಕಟ್ಟಡದೊಳಗೆ ಸೇರಿಸಿಯಾಗಿತ್ತು, ಸರಕು ದೋಣಿಗಳನ್ನು ನದಿಯಿಂದ ಹೊರಹಾಕಿಯಾಗಿತ್ತು, ಮೂಲ ನಿವಾಸಿಗಳಲ್ಲಿ ಬಹಳಷ್ಟು ಮಂದಿ ಸರ್ಕಾರಿ ಫ್ಲಾಟುಗಳಿಗೆ ಹೋಗಿದ್ದರು. 1989ರ ಜುಲೈನಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್ ಸಂರಕ್ಷಿತ ಪ್ರದೇಶಗಳಾದವು. ಅದೇ ವರ್ಷದ ಮಾರ್ಚಿನಲ್ಲಿ ಅದೇ ಸರ್ಕಾರ ಇನ್ನೊಂದು ನಿಯಮ ತಂದಿತ್ತು: ಸರ್ಕಾರಿ ಫ್ಲಾಟುಗಳ ಪ್ರತಿ ಬ್ಲಾಕಿನಲ್ಲೂ ಚೀನೀ, ಮಲಯ, ಭಾರತೀಯ ಕುಟುಂಬಗಳು ಇಂತಿಷ್ಟು ಪಾಲಿಗಿಂತ ಹೆಚ್ಚಿರಬಾರದು, ಯಾವ ಜನಾಂಗವೂ ಒಂದೆಡೆ ಗುಂಪುಗೂಡಬಾರದು. ವಾಸಕ್ಕೆ ಬೆರಕೆ, ನೋಟಕ್ಕೆ ಬೇರ್ಪಡೆ. ಒಂದೇ ವರ್ಷದ ಈ ಎರಡು ತೀರ್ಮಾನಗಳನ್ನು ಪಕ್ಕಪಕ್ಕ ಇಟ್ಟರೆ, ಪ್ರವಾಸಿಗೆ ತೋರಿಸುವ ಸಿಂಗಪುರಕ್ಕೂ ಅಲ್ಲಿನವರು ಬಾಳುವ ಸಿಂಗಪುರಕ್ಕೂ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಜನರು ತಾವಾಗಿಯೂ ಗುಂಪು ಕಟ್ಟಿಕೊಂಡಿದ್ದರು, ರ‍್ಯಾಫಲ್ಸ್ ಒಬ್ಬನ ತಲೆಗೇಕೆ ಕಟ್ಟುತ್ತೀರಿ ಎಂಬುದು ಒಂದು. ನಿಜವೇ. ಭಾಷೆ, ಊರು, ಕಸುಬು ಒಂದಾದವರು ಹತ್ತಿರ ಇರಬಯಸುತ್ತಾರೆ; ಚೀನೀಯರೊಳಗೇ ಹೊಕ್ಕಿಯನರು ತೆಲೊಕ್ ಆಯರ್ ಕಡೆ, ಕ್ಯಾಂಟನಿನವರು ಕ್ರೆತಾ ಆಯರ್ ಕಡೆ, ತಿಯೋಚೂಗಳು ನದಿಯ ಬಳಿ ಬೇರೆಬೇರೆಯಾಗಿದ್ದರು. ಆದರೆ ಇದು ನಕ್ಷೆಗೆ ಬೆಂಬಲ ಕೊಡುವುದಿಲ್ಲ. ಒಬ್ಬರಿಗೊಬ್ಬರ ಮಾತು ಅರ್ಥವಾಗದ ಮೂರು ಸಮುದಾಯಗಳನ್ನು ಚೀನೀಯರು ಎಂಬ ಒಂದೇ ಬಣ್ಣ ಬಳಿದು ಮುಚ್ಚಿದ್ದು ಆ ನಕ್ಷೆಯೇ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಆ ಸಂರಕ್ಷಿತ ಪ್ರದೇಶಗಳು ಇಲ್ಲದಿದ್ದರೆ ಬೀದಿಗಳೇ ಉಳಿಯುತ್ತಿರಲಿಲ್ಲ, ಬುಲ್ಡೋಜರು ಬಾಗಿಲಿಗೇ ಬಂದಿತ್ತು. ಇದನ್ನು ಪೂರ್ತಿ ಒಪ್ಪುತ್ತೇನೆ. 3,000ಕ್ಕೂ ಹೆಚ್ಚು ಕಟ್ಟಡಗಳು ಆ ಒಂದು ಆದೇಶದಿಂದ ಬದುಕಿದವು, ಅದು ದೊಡ್ಡ ಕೆಲಸ. ಕಟ್ಟಡ ಉಳಿಸಿದ್ದಕ್ಕೆ ಕೃತಜ್ಞರಾಗಿರುತ್ತಲೇ, ಅವುಗಳ ಮೇಲೆ ಹಚ್ಚಿದ ಚೀಟಿಯನ್ನು ನಂಬದೆ ಇರಬಹುದು. ಒಂದೇ ದಿನದಲ್ಲಿ ಇಷ್ಟೆಲ್ಲ ಯೋಚಿಸಲು ಪುರುಸೊತ್ತೆಲ್ಲಿ, ಮೆಟ್ರೋ ನಿಲ್ದಾಣಗಳೂ ಬಡಾವಣೆಗಳ ಹೆಸರಿನಲ್ಲೇ ಇವೆಯಲ್ಲ ಎನ್ನುವವರಿಗೆ ಉತ್ತರ ಸುಲಭ: ಬೀದಿಯ ಜಾಡು ಹಿಡಿದರೆ ಅಲೆದಾಟ ಕಡಿಮೆಯೇ ಆಗುತ್ತದೆ.

ತೆಲೊಕ್ ಆಯರ್‌ನಲ್ಲಿ ಬೆಳಿಗ್ಗೆ ಬೇಗ ಶುರುಮಾಡಿ ಸೌತ್ ಬ್ರಿಡ್ಜ್ ರಸ್ತೆಗೆ ಬಂದು, ನದಿಯನ್ನು 1869ರ ಕ್ಯಾವೆನಾ ಸೇತುವೆಯಲ್ಲಿ ದಾಟಬಹುದು. ದನ, ಕುದುರೆ, ಭಾರದ ಗಾಡಿಗಳಿಗೆ ಪ್ರವೇಶವಿಲ್ಲ ಎಂದು ಪೊಲೀಸರು ಹಾಕಿದ ಹಳೆಯ ಫಲಕ ಅಲ್ಲಿ ಇನ್ನೂ ಇದೆ. ಮುಂದೆ ವಾಟರ್‌ಲೂ ಬೀದಿ. ಇದು ಯಾವ ಜನಾಂಗದ ಹೆಸರಿನ ಬಡಾವಣೆಯಲ್ಲೂ ಇಲ್ಲ. ಇಲ್ಲಿ ಗ್ವಾನ್‌ಯಿನ್ ದೇವಿಯ ಗುಡಿಯ ಪಕ್ಕದಲ್ಲೇ 1870ರಲ್ಲಿ ಶುರುವಾದ ಕೃಷ್ಣನ ಗುಡಿ. ಕೃಷ್ಣನ ಬಾಗಿಲ ಮುಂದೆ ಚೀನೀ ಮಾದರಿಯ ಊದುಬತ್ತಿಯ ಕುಂಡವಿದೆ. ದೇವಿಗೆ ಕೈಮುಗಿದು ಬಂದ ಚೀನೀ ಭಕ್ತರು ಇಲ್ಲಿಯೂ ಎರಡು ಕೈಯಲ್ಲಿ ಬತ್ತಿ ಹಿಡಿದು ಬಾಗಿ, ಅದನ್ನು ಬೂದಿಯಲ್ಲಿ ನೆಟ್ಟು ಹೋಗುತ್ತಾರೆ. ಅಲ್ಲಿಂದ ಕಂಪೊಂಗ್ ಗ್ಲಾಮ್ ದೂರವಿಲ್ಲ. ಅಲ್ಲಿನ ಸುಲ್ತಾನ್ ಮಸೀದಿಯ ಈಗಿನ ಕಟ್ಟಡ 1932ರಲ್ಲಿ ಮುಗಿದದ್ದು. ಬಂಗಾರ ಬಣ್ಣದ ಗುಮ್ಮಟದ ಬುಡದಲ್ಲಿ ಸುತ್ತಲೂ ಕಾಣುವ ಕಪ್ಪು ಪಟ್ಟಿ, ಬಡವರೂ ಪಾಲುಗೊಳ್ಳಲೆಂದು ಅವರು ಕೊಟ್ಟ ಗಾಜಿನ ಬಾಟಲಿಗಳ ತಳಗಳಿಂದ ಮಾಡಿದ್ದು. ಇಷ್ಟಕ್ಕೂ ನಡಿಗೆ ಒಟ್ಟು ಸುಮಾರು ನಾಲ್ಕು ಕಿಲೋಮೀಟರ್. ಮಾರಿಯಮ್ಮನ ಗುಡಿ ಮಧ್ಯಾಹ್ನ ಬಾಗಿಲು ಹಾಕಿ ಸಂಜೆಗೇ ತೆರೆಯುವುದರಿಂದ, ಹನ್ನೆರಡರೊಳಗೆ ಅಲ್ಲಿಗೆ ಮುಟ್ಟುವಂತೆ ಹೊರಡಿ.