ಕಡಲು ಕಾಣದ ತಾಲ್ಲೂಕುಗಳು, ಕಡಲು ಬರೆಯುವ ಮಳೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಎಲ್ಲಿಂದ ನೇರ ಗೆರೆ ಎಳೆದರೂ ಅರಬ್ಬಿ ಸಮುದ್ರದ ದಡ 250 ಕಿ.ಮೀ.ಗೂ ಆಚೆ. ನಡುವೆ ಸಹ್ಯಾದ್ರಿಯ ಗೋಡೆ. ಹಾಗಾಗಿ ಸಾಗರ ಸಂಶೋಧನೆ ಎಂದರೆ ಅದು ಕಾರವಾರ, ಮಲ್ಪೆಯವರಿಗೆ ಸಂಬಂಧಿಸಿದ ವಿಷಯ ಎಂದು ಇಲ್ಲಿನವರು ಭಾವಿಸಿದರೆ ತಪ್ಪೇನಿಲ್ಲ. ಆದರೆ ಈ ಭಾಗದಲ್ಲಿ ಯಾವ ವರ್ಷ ಜೋಳ ಕಣಕ್ಕೆ ಬರುತ್ತದೆ, ಯಾವ ವರ್ಷ ಊರಿಗೆ ಊರೇ ಗುಳೆ ಹೊರಡುತ್ತದೆ ಎಂಬುದರಲ್ಲಿ ದೊಡ್ಡ ಪಾಲು ಸಮುದ್ರದ್ದೇ. ಅದರ ನೀರು ಎಲ್ಲಿ ಎಷ್ಟು ಬೆಚ್ಚಗಿದೆ ಎಂಬುದನ್ನು ಅಳೆಯುವ ಕೆಲಸ ಹೈದರಾಬಾದ್, ಪುಣೆ, ಬೆಂಗಳೂರು, ಗೋವಾಗಳಲ್ಲಿ ನಡೆಯುತ್ತಿದ್ದರೂ ಅದರ ಫಲಿತಾಂಶ ಬಂದು ಮುಟ್ಟುವುದು ಎರೆಭೂಮಿಯ ರೈತನ ಕೂರಿಗೆಗೆ.

ಎರಡು ಸಮುದ್ರ, ಎರಡು ಬಗೆಯ ನೀರು

ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ನೈರುತ್ಯ ಮಾರುತ ಸಹ್ಯಾದ್ರಿಯನ್ನು ಏರುವಾಗಲೇ ತನ್ನ ಹೊರೆಯನ್ನು ಬಹುಮಟ್ಟಿಗೆ ಇಳಿಸಿಬಿಡುತ್ತದೆ. ಬೆಟ್ಟ ದಾಟಿ ವಿಜಯಪುರದ ಬಯಲಿಗೆ ಬರುವ ಹೊತ್ತಿಗೆ ಗಾಳಿ ಉಳಿದಿರುತ್ತದೆ, ಮಳೆ ಉಳಿದಿರುವುದಿಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಸುರಿದರೆ, ವಿಜಯಪುರ ಜಿಲ್ಲೆಯ ವಾರ್ಷಿಕ ಸರಾಸರಿ 600 ಮಿ.ಮೀ. ಆಸುಪಾಸಿನಲ್ಲಿದೆ. ಭೂಗೋಳದ ಪಠ್ಯದಲ್ಲಿ ಇದಕ್ಕೆ ಮಳೆ ನೆರಳಿನ ಪ್ರದೇಶ ಎಂದು ಹೆಸರು.

ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಎರಡೂ ಸಹ್ಯಾದ್ರಿಯ ನೆತ್ತಿಯ ಮೇಲಿನ ಸ್ಥಳಗಳು. ಅಲ್ಲಿ ಬಿದ್ದ ಅರಬ್ಬಿ ಸಮುದ್ರದ ಮಳೆ ಹೊಳೆಯಾಗಿ ಇತ್ತ ಹರಿದು ಬರುತ್ತದೆ. 519.60 ಮೀಟರ್ ಎತ್ತರದವರೆಗೆ 123 ಟಿಎಂಸಿ ಅಡಿ ನೀರು ಹಿಡಿಯುವ ಆಲಮಟ್ಟಿ ಜಲಾಶಯ ತುಂಬಿ, ಗೇಟು ತೆರೆದು, ಬಾಗಿನ ಅರ್ಪಣೆಯೂ ಮುಗಿದಿರುತ್ತದೆ. ಅಣೆಕಟ್ಟೆಯಿಂದ ಕೆಲವೇ ಕಿ.ಮೀ. ದೂರದ ಹೊಲದಲ್ಲಿ ತೊಗರಿ ಬಿತ್ತಿದವನು ಮೋಡ ನೋಡುತ್ತ ನಿಂತಿರುತ್ತಾನೆ. ಕಾಲುವೆ, ಏತ ನೀರಾವರಿ ಮುಟ್ಟಿದ ಕಡೆ ಚಿತ್ರ ಬದಲಾಗಿದೆ. ಮುಟ್ಟದ ಕಡೆ ಬದಲಾಗಿಲ್ಲ.

ಈ ನೆಲಕ್ಕೆ ತನ್ನದೇ ಆದ ಮಳೆ ಬರುವುದು ಬಹುತೇಕ ಸೆಪ್ಟೆಂಬರ್‌ನಲ್ಲಿ, ಅದೂ ಬಂಗಾಳ ಕೊಲ್ಲಿಯ ಕಡೆಯಿಂದ. ಅಲ್ಲಿ ಎದ್ದ ವಾಯುಭಾರ ಕುಸಿತ ಪಶ್ಚಿಮಕ್ಕೆ ಸರಿದು ಬಂದಾಗ ಉತ್ತರಾ, ಹಸ್ತ ಮಳೆಗಳು ಕೈಹಿಡಿಯುತ್ತವೆ. ಎರೆಮಣ್ಣು ಆ ನೀರನ್ನು ಕುಡಿದು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವುದು ಮುಂದೆ ಬೀಳುವ ಮಳೆಯಿಂದಲ್ಲ, ಮಣ್ಣಿನೊಳಗೆ ಆಗಲೇ ಇರುವ ಹಸಿಯಿಂದ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಈ ಕಡೆ ಆಡುವ ಮಾತಿನ ಹಿಂದೆ ಇರುವುದು ಇದೇ ಲೆಕ್ಕ. ಹೀಗೆ ಹೊಳೆಯ ನೀರಿಗೆ ಒಂದು ಸಮುದ್ರ, ಹೊಲದ ಹಸಿಗೆ ಇನ್ನೊಂದು ಸಮುದ್ರ. ಇವೆರಡರ ಮೇಲೂ ಮೂರನೆಯ ಸಾಗರವೊಂದರ ಹಿಡಿತವಿದೆ ಎಂಬುದು ತಿಳಿಯಲು ಒಂದು ಭೀಕರ ಬರ ಬೇಕಾಯಿತು.

ಕಲಾದಗಿ ಜಿಲ್ಲೆಯ ಬರಗಾಲ

1876ರಲ್ಲಿ ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. ಆ ವರ್ಷ ದಖ್ಖನಿನಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಎರಡು ವರ್ಷ ನಡೆದದ್ದು ದಕ್ಷಿಣ ಭಾರತದ ಇತಿಹಾಸದ ಅತ್ಯಂತ ದಾರುಣ ಕ್ಷಾಮಗಳಲ್ಲಿ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಸುಮಾರು ಐದನೇ ಒಂದು ಭಾಗದಷ್ಟು ಕುಗ್ಗಿತು. ಹಸಿವು, ರೋಗ, ವಲಸೆ ಮೂರೂ ಸೇರಿ ಮಾಡಿದ ಕೆಲಸ ಅದು.

ಆಗ ಪೆಸಿಫಿಕ್ ಸಾಗರದಲ್ಲಿ ಏನು ನಡೆಯುತ್ತಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಡಗುಗಳ ಹಳೆಯ ದಾಖಲೆ, ಮರಗಳ ವಾರ್ಷಿಕ ಉಂಗುರಗಳನ್ನು ಬಳಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, 1877-78ರಲ್ಲಿ ಅಲ್ಲಿ ದಾಖಲೆಯ ಪ್ರಮಾಣದ ಎಲ್ ನಿನೊ ಉಂಟಾಗಿತ್ತು, ಹಿಂದೂ ಮಹಾಸಾಗರ ಮತ್ತು ಅಟ್ಲಾಂಟಿಕ್‌ಗಳೂ ಅಸಹಜವಾಗಿ ವರ್ತಿಸಿದ್ದವು ಎಂದು ತೋರಿಸಿತು. ಏಷ್ಯಾ, ಬ್ರೆಜಿಲ್, ಆಫ್ರಿಕಾಗಳಲ್ಲಿ ಏಕಕಾಲಕ್ಕೆ ಬರ ಬಿದ್ದದ್ದು ಹೀಗೆ. ಸಮುದ್ರ ಮಳೆಯನ್ನು ಕಿತ್ತುಕೊಂಡಿತು ನಿಜ. ಆದರೆ ಜನ ಸಾಯುತ್ತಿರುವಾಗಲೂ ಬಂದರುಗಳಿಂದ ಧಾನ್ಯ ರಫ್ತಾಗುತ್ತಿದ್ದುದು ಸಮುದ್ರದ ತಪ್ಪಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

1875ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಹವಾಮಾನ ಇಲಾಖೆಗೆ ಈ ಕ್ಷಾಮವೇ ಮೊದಲ ದೊಡ್ಡ ಪ್ರಶ್ನೆಯಾಯಿತು. ಮುಂಗಾರನ್ನು ಮೊದಲೇ ತಿಳಿಯಲು ಸಾಧ್ಯವೇ? ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಉತ್ತರಕ್ಕಾಗಿ ಹಿಮಾಲಯದ ಹಿಮವನ್ನು ನೋಡಿದರು. 1904ರಲ್ಲಿ ಆ ಸ್ಥಾನಕ್ಕೆ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಜಗತ್ತಿನ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ಗುಮಾಸ್ತರಿಂದ ಕೂಡಿಸಿ, ಕಳೆಸಿ, ತಾಳೆ ಹಾಕಿಸಿದರು. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬ ತಕ್ಕಡಿಯಾಟವನ್ನು ಅವರು ಗುರುತಿಸಿದರು. ಪೆರು ದೇಶದ ಕರಾವಳಿಯ ಬೆಚ್ಚನೆಯ ನೀರಿಗೂ ಈ ತಕ್ಕಡಿಗೂ ಇರುವ ಸಂಬಂಧವನ್ನು ಜೇಕಬ್ ಬೆರ್ಕ್ನೆಸ್ 1969ರಲ್ಲಿ ವಿವರಿಸಿದರು. ಮೂರು ವರ್ಷ ಕಳೆಯುವಷ್ಟರಲ್ಲಿ, 1972ರಲ್ಲಿ, ಎಲ್ ನಿನೊ ಮತ್ತೆ ಬಂತು. ವಿಜಯಪುರದ ಹಿರಿಯರು ಇಂದಿಗೂ ವರ್ಷದ ಹೆಸರಿನಿಂದಲೇ ನೆನೆಯುವ ಬರ ಅದು.

ಬೆಂಗಳೂರಿನಿಂದ ಕಂಡ ಹಿಂದೂ ಮಹಾಸಾಗರ

ಎಲ್ ನಿನೊ ಬಂದರೆ ಬರ ಎಂಬ ಸರಳ ಸೂತ್ರ 1997ರಲ್ಲಿ ಮುರಿದುಬಿತ್ತು. ಶತಮಾನದ ಅತ್ಯಂತ ಪ್ರಬಲ ಎಲ್ ನಿನೊಗಳಲ್ಲಿ ಒಂದು ಎದುರಿಗಿತ್ತು. ದೇಶವೆಲ್ಲ ಬರಕ್ಕೆ ಸಿದ್ಧವಾಗುತ್ತಿತ್ತು. ಆದರೆ ಆ ಮುಂಗಾರಿನಲ್ಲಿ ದೇಶಕ್ಕೆ ಬಿದ್ದದ್ದು ಸರಾಸರಿಯ ಶೇ 102ರಷ್ಟು ಮಳೆ. ಕಾರಣ ನಮ್ಮ ಪಕ್ಕದ ಸಾಗರದಲ್ಲಿತ್ತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾದ ಕಡೆ, ನೀರು ಬೆಚ್ಚಗಾಗಿ ಸುಮಾತ್ರಾದ ಕಡೆ ತಣ್ಣಗಾಗುವ ಒಂದು ಏರಿಳಿತವನ್ನು 1999ರಲ್ಲಿ ನೇಚರ್ ಪತ್ರಿಕೆಯ ಲೇಖನವೊಂದು ಬಣ್ಣಿಸಿತು. ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಅದಕ್ಕೆ ಹೆಸರಾಯಿತು. ಲೇಖನದ ನಾಲ್ವರು ಕರ್ತೃಗಳಾದ ಎನ್.ಎಚ್. ಸಾಜಿ, ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಮತ್ತು ಜಪಾನಿನ ಟಿ. ಯಮಗಾಟ ಅವರಲ್ಲಿ ಗೋಸ್ವಾಮಿ ಮತ್ತು ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿದವರು.

ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಮಭಾಜಕದ ಬಳಿ ಹಿಂದೂ ಮಹಾಸಾಗರದ ಮೇಲೆ ಮೋಡಗಳು ಪಶ್ಚಿಮದಲ್ಲಿ ಕಟ್ಟುತ್ತವೆಯೋ ಪೂರ್ವದಲ್ಲಿ ಕಟ್ಟುತ್ತವೆಯೋ ಎಂಬುದನ್ನು ಪೆಸಿಫಿಕ್‌ನ ಸ್ಥಿತಿಯ ಜೊತೆ ಸೇರಿಸಿ ನೋಡಿದರೆ ಮಾತ್ರ ಭಾರತದ ಅತಿವೃಷ್ಟಿ, ಅನಾವೃಷ್ಟಿಗಳು ಅರ್ಥವಾಗುತ್ತವೆ ಎಂಬುದು ಅವರ ವಾದ. 1997ರಲ್ಲಿ ಪೆಸಿಫಿಕ್ ಪ್ರತಿಕೂಲ, ಹಿಂದೂ ಮಹಾಸಾಗರ ಅನುಕೂಲ; ಬರ ತಪ್ಪಿತು. 2002ರಲ್ಲಿ ಎರಡೂ ಪ್ರತಿಕೂಲ.

2002ರ ಪಾಠ ಕಟುವಾಗಿತ್ತು. ಹವಾಮಾನ ಇಲಾಖೆ ಶೇ 101ರಷ್ಟು ಮಳೆಯ ಮುನ್ಸೂಚನೆ ಕೊಟ್ಟಿತ್ತು. ಜುಲೈನಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಅರ್ಧದಷ್ಟು ಮಾತ್ರ. ಹಂಗಾಮಿನ ಒಟ್ಟು ಮಳೆ ಶೇ 81ಕ್ಕೆ ನಿಂತಿತು. ಹದಿನಾರು ಅಂಶಗಳನ್ನು ಆಧರಿಸಿದ ಹಳೆಯ ಅಂಕಿಸಂಖ್ಯೆಯ ಮಾದರಿಯನ್ನು ಇಲಾಖೆ ಮರುವರ್ಷವೇ ಬದಲಿಸಿತು. 2012ರಲ್ಲಿ ಆರಂಭವಾದ ಮಾನ್ಸೂನ್ ಮಿಷನ್ ಮೂಲಕ ಸಾಗರ ಮತ್ತು ವಾತಾವರಣ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಬಳಕೆಗೆ ಬಂತು.

ಇಂಥ ಮಾದರಿಗೆ ಸಮುದ್ರದ ಒಳಗಿನ ಉಷ್ಣಾಂಶ ಬೇಕು. ಅದನ್ನು ಕೊಡುವುದು ಆರ್ಗೋ ಎಂಬ ತೇಲುಯಂತ್ರಗಳು. ಆಳೆತ್ತರದ ಕೊಳವೆಯಂಥ ಈ ಯಂತ್ರ ಸಾವಿರ ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್‌ಗೆ ಇಳಿದು, ಮೇಲೇರುವಾಗ ಉಷ್ಣಾಂಶ ಮತ್ತು ಉಪ್ಪಿನಂಶ ಅಳೆದು, ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತದೆ. ಜಗತ್ತಿನ ಸಾಗರಗಳಲ್ಲಿ ಇಂಥವು ಸುಮಾರು 4,000 ಇವೆ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೋಡಿಕೊಳ್ಳುತ್ತದೆ. 2016ರ ಮುಂಗಾರಿನಲ್ಲಿ ಸಿಂಧು ಸಾಧನ ಹಡಗು ಬಂಗಾಳ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ ಅಲ್ಲಿನ ನೀರಿನ ಪದರಗಳನ್ನು ಅಳೆದದ್ದೂ ಇದೇ ಸಾಲಿನ ಕೆಲಸ. ಅದರಲ್ಲೂ ವಿಜ್ಞಾನ ಸಂಸ್ಥೆಯ ಪಾತ್ರ ದೊಡ್ಡದು. ಆಳ ಸಮುದ್ರಕ್ಕೆ ಮನುಷ್ಯರನ್ನು ಕಳುಹಿಸುವ ಜಲಾಂತರ್ವಾಹನದ ಚಿತ್ರ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಈ ಕೊಳವೆಗಳ ಚಿತ್ರ ಬರುವುದಿಲ್ಲ. ಎರೆಭೂಮಿಗೆ ಹೆಚ್ಚು ಉಪಕಾರಿಯಾದದ್ದು ಕೊಳವೆಯೇ.

ಬಿಸಿಯೇರುತ್ತಿರುವ ನೀರು

ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಂತೆ, 1951ರಿಂದ 2015ರ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಜಗತ್ತಿನ ಸಾಗರಗಳ ಸರಾಸರಿ ಏರಿಕೆ 0.7 ಡಿಗ್ರಿ. ಒಂದು ಡಿಗ್ರಿ ಎಂದರೆ ಅಷ್ಟೇನು ಎನಿಸಬಹುದು. ಮುಂಗಾರನ್ನು ಎಳೆದು ತರುವುದೇ ಕಾದ ನೆಲ ಮತ್ತು ತಂಪಾದ ಕಡಲಿನ ನಡುವಿನ ವ್ಯತ್ಯಾಸ. ಕಡಲು ಬೇಗ ಬಿಸಿಯಾದರೆ ಆ ಎಳೆತ ಸಡಿಲವಾಗುತ್ತದೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ 2015ರಲ್ಲಿ ತೋರಿಸಿತು. ಇನ್ನೊಂದು ಕಡೆ, ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಫಲವಾಗಿ ಒಟ್ಟು ಮಳೆ ಕಡಿಮೆಯಾದ ಕಡೆಯೂ ಬೀಳುವಾಗ ಒಮ್ಮೆಲೇ ಬೀಳುತ್ತದೆ. ಮಧ್ಯ ಭಾರತದಲ್ಲಿ ವ್ಯಾಪಕ ಭಾರಿ ಮಳೆಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ಅದೇ ತಂಡ 2017ರಲ್ಲಿ ವರದಿ ಮಾಡಿತು.

ಇದೇ ಬಿಸಿ ನೀರಿನೊಳಗಿನ ಜೀವಿಗಳನ್ನೂ ಬಾಧಿಸುತ್ತಿದೆ. ಮುಂಗಾರು ಗಾಳಿ ಮೇಲ್ಮೈ ನೀರನ್ನು ದೂಡಿದಾಗ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ. ಅವನ್ನು ನಂಬಿ ಬೂತಾಯಿ, ಬಂಗುಡೆ ಮೀನುಗಳು ಬದುಕುತ್ತವೆ. ಮೇಲಿನ ನೀರು ಬಿಸಿಯಾದಷ್ಟೂ ಅದು ಎಣ್ಣೆಯಂತೆ ಮೇಲೇ ನಿಂತು, ಕೆಳಗಿನದನ್ನು ಏರಗೊಡುವುದಿಲ್ಲ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಈ ಸೂಕ್ಷ್ಮ ಸಸ್ಯರಾಶಿ ಶೇ 20ರವರೆಗೆ ಕುಸಿದಿದೆ ಎಂಬ ಅಂದಾಜು 2016ರದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 4 ಸಾವಿರ ಟನ್ ಕೂಡ ಸಿಗಲಿಲ್ಲ. ಸಮುದ್ರದ ಏರುಪೇರು ಅದಕ್ಕೆ ಒಂದು ಮುಖ್ಯ ಕಾರಣ ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿದೆ. ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010, 2016, 2024ರಲ್ಲಿ ಬಿಳಿಚಿಕೊಂಡವು. ಮಲ್ಪೆಯ ಬಲೆ ಮತ್ತು ಸಿಂದಗಿಯ ಕೂರಿಗೆ ಒಂದೇ ಗಾಳಿಯ ಮುಲಾಜಿನಲ್ಲಿವೆ ಎಂಬುದು ಉತ್ಪ್ರೇಕ್ಷೆಯಲ್ಲ.

ಸರಾಸರಿಯಲ್ಲಿ ಕಾಣದ ಊರು

ಇಷ್ಟೆಲ್ಲ ತಿಳಿದ ಮೇಲೂ ಇಂಡಿಯ ಲಿಂಬೆ ತೋಟದವನಿಗೆ ಬೇಕಾದ ಉತ್ತರ ಸಿಕ್ಕಿದೆಯೇ? ಪೂರ್ತಿ ಸಿಕ್ಕಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡವರಿಗೆ ದೇಶದ ಸರಾಸರಿ ಶೇ 96 ಎಂದೋ 104 ಎಂದೋ ಹೇಳಿದರೆ ಏನೂ ಹೇಳಿದಂತಾಗದು.

2009ನ್ನೇ ನೋಡಿ. ಎಲ್ ನಿನೊ ವರ್ಷ. ದೇಶದ ಮುಂಗಾರು ಶೇ 78ಕ್ಕೆ ಕುಸಿದು ಎಲ್ಲೆಲ್ಲೂ ಬರ. ಆದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 2ರೊಳಗೆ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. ಡೋಣಿ ದಡ ಮೀರಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರಲ್ಲಿ ಹಿಂದೂ ಮಹಾಸಾಗರದ ದ್ವಿಧ್ರುವ ದಾಖಲೆಯ ಮಟ್ಟಕ್ಕೆ ಏರಿದ ವರ್ಷ ಕೃಷ್ಣಾ ತೀರಕ್ಕೆ ಪ್ರವಾಹ. 2023ರಲ್ಲಿ ಮತ್ತೆ ಎಲ್ ನಿನೊ. 1901ರ ನಂತರದ ಅತ್ಯಂತ ಒಣ ಆಗಸ್ಟ್. ದೇಶದ ಒಟ್ಟು ಮಳೆ ಶೇ 94 ಎಂದು ದಾಖಲಾಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಮಳೆಯಿಂದ ಉಕ್ಕಿದ ಭೀಮೆ ತೀರದ ಹೊಲಗಳನ್ನು ನುಂಗಿತು.

ಇಡೀ ಹಂಗಾಮಿನ ಮೊತ್ತಕ್ಕಿಂತ ಮಳೆಯ ನಡುವಿನ ಬಿಡುವು ಎಷ್ಟು ದಿನ ಎಂಬುದೇ ಇಲ್ಲಿ ಬೆಳೆಯ ಹಣೆಬರಹ. ಆ ದಿಕ್ಕಿನಲ್ಲಿ ಸ್ವಲ್ಪ ಪ್ರಗತಿಯಾಗಿದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಪ್ರಕಟಿಸುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿ.ಮೀ. ಅಂತರದ ಜಾಲದಲ್ಲಿ ಲೆಕ್ಕ ಹಾಕುತ್ತದೆ. ಅಂದರೆ ಒಂದು ಹೋಬಳಿಯಲ್ಲಿ ಕೆಲವು ಚೌಕಗಳು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದಿವೆ.

ಏಪ್ರಿಲ್ ಮಧ್ಯದಲ್ಲಿ ಬರುವ ಮೊದಲ ಮುನ್ಸೂಚನೆಗೆ ಪತ್ರಿಕೆಗಳು ದೊಡ್ಡ ತಲೆಬರಹ ಕೊಡುತ್ತವೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಆಗಸ್ಟ್ 31ರ ಹೊತ್ತಿಗೆ ಹೊರಬೀಳುವ, ಸೆಪ್ಟೆಂಬರ್ ತಿಂಗಳೊಂದಕ್ಕೇ ಸೀಮಿತವಾದ ಮುನ್ಸೂಚನೆ. ಅದರಲ್ಲಿ ಉತ್ತರ ಒಳನಾಡು ಕರ್ನಾಟಕದ ನಕಾಶೆಯ ಬಣ್ಣ ಯಾವುದು, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಸ್ಥಿತಿಯ ಬಗ್ಗೆ ಇರುವ ಎರಡು ಸಾಲು ಏನು ಹೇಳುತ್ತವೆ ಎಂಬುದನ್ನು ನೋಡಬೇಕು. ಉತ್ತರಾ ಮಳೆ ಹೂಡಲು ಆಗ ಇನ್ನೂ ಎರಡು ವಾರ ಇರುತ್ತದೆ.